ಮಿಶೆಲ್ ಯೂಜೆನ್ ಶೆವ್ರಲ್

ಮಿಶೆಲ್ ಯೂಜೆನ್ ಶೆವ್ರಲ್ (31 ಆಗಸ್ಟ್ 1786 – 9 ಏಪ್ರಿಲ್ 1889) ಫ್ರಾನ್ಸಿನ ರಸಾಯನಶಾಸ್ತ್ರಜ್ಞರು. ಕೊಬ್ಬು ಮತ್ತು ಎಣ್ಣೆಗಳು ಸರಳ ವಸ್ತುಗಳಲ್ಲವೆಂದೂ, ಅವುಗಳಿಂದ ನಿರ್ದಿಷ್ಟ ಗುಣಗಳುಳ್ಳ ಹಲವು ಆಮ್ಲಗಳನ್ನು ಬೇರ್ಪಡಿಸಬಹುದೆಂದೂ ಪ್ರಯೋಗಗಳ ಮೂಲಕ ತೋರಿಸಿದವರು ಇವರು. ಸ್ಟಿಯರಿಕ್, ಒಲೀಯಿಕ್, ಬ್ಯುಟಿರಿಕ್, ಕ್ಯಾಪ್ರೋಯಿಕ್ ಮತ್ತು ಕ್ಯಾಪ್ರಿಕ್ ಆಮ್ಲಗಳನ್ನು ಗುರುತಿಸಿ ಹೆಸರಿಸಿದ ಕೀರ್ತಿ ಇವರದು. ಗ್ಲಿಸರಿನ್ ಎಂಬ ಹೆಸರೂ, ಇಂದಿನ ಕೊಲೆಸ್ಟರಾಲ್ ಎಂಬ ಹೆಸರಿನ ಮೂಲರೂಪವೂ ಇವರಿಂದಲೇ ಬಂದವು. ಸಾಬೂನು ಮತ್ತು ಮೇಣದಬತ್ತಿಯ ಉದ್ಯಮಗಳಿಗೆ ವೈಜ್ಞಾನಿಕ ತಳಹದಿ ದೊರೆತದ್ದು ಇವರ ಸಂಶೋಧನೆಯಿಂದ. ಬಣ್ಣಗಳ ಪರಸ್ಪರ ವೈದೃಶ್ಯದ ಕುರಿತು ಇವರು ರೂಪಿಸಿದ ನಿಯಮ 19ನೆಯ ಶತಮಾನದ ಚಿತ್ರಕಲೆಯ ಮೇಲೆ ಪ್ರಭಾವ ಬೀರಿತು. 102 ವರ್ಷಗಳ ತುಂಬುಜೀವನ ನಡೆಸಿದ ಶೆವ್ರಲ್ ಫ್ರೆಂಚ್ ಮಹಾಕ್ರಾಂತಿಗೂ ಐಫೆಲ್ ಗೋಪುರದ ನಿರ್ಮಾಣಕ್ಕೂ ಸಾಕ್ಷಿಯಾಗಿದ್ದರು.

ಬಾಲ್ಯ ಮತ್ತು ಶಿಕ್ಷಣ

ಶೆವ್ರಲ್ ಪಶ್ಚಿಮ ಫ್ರಾನ್ಸಿನ ಆಂಜೆ ಪಟ್ಟಣದಲ್ಲಿ ಜನಿಸಿದರು. ಇವರದು ವೈದ್ಯರ ಮನೆತನ. ತಂದೆ ಮತ್ತು ತಾತ ಇಬ್ಬರೂ ಶಸ್ತ್ರವೈದ್ಯರಾಗಿದ್ದರು. ತಂದೆತಾಯಿಗಳಿಬ್ಬರೂ 90 ವರ್ಷ ದಾಟಿ ಬದುಕಿದವರು. ಮಹಾಕ್ರಾಂತಿ ಆರಂಭವಾದಾಗ ಶೆವ್ರಲ್‌ಗೆ ಇನ್ನೂ 3 ವರ್ಷ ತುಂಬಿರಲಿಲ್ಲ. 1793ರಲ್ಲಿ ವಾಂದೆ ಪ್ರಾಂತದಲ್ಲಿ ಎದ್ದ ದಂಗೆಯ ಬಿಸಿ ಆಂಜೆಗೂ ತಟ್ಟಿತು. ಪಟ್ಟಣದಲ್ಲಿ ನಡೆದ ಗಿಲೊಟಿನ್ ಮರಣದಂಡನೆಯನ್ನು ಬಾಲಕ ಶೆವ್ರಲ್ ಕಣ್ಣಾರೆ ಕಂಡಿದ್ದರೆಂದು ಅವರ ಜೀವನಚರಿತ್ರೆಗಳು ತಿಳಿಸುತ್ತವೆ.

ಕ್ರಾಂತಿಯ ಅನಂತರ ಆಂಜೆಯಲ್ಲಿ ಸ್ಥಾಪನೆಯಾದ ಕೇಂದ್ರೀಯ ಶಾಲೆಯಲ್ಲಿ ಅವರು ಪ್ರಾಚೀನ ಭಾಷೆಗಳು, ಗಣಿತ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳನ್ನು ಕಲಿತರು. 1803ರಲ್ಲಿ, 17ನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿಗೆ ತೆರಳಿ ಲೂಯಿ ನಿಕೊಲಾ ವೋಕಲಾಂ ಅವರ ಪ್ರಯೋಗಾಲಯ ಸೇರಿದರು. ಕ್ರೋಮಿಯಂ ಧಾತುವನ್ನು ಕಂಡುಹಿಡಿದಿದ್ದ ವೋಕಲಾಂ ಆ ಕಾಲದ ಯುರೋಪಿನ ಶ್ರೇಷ್ಠ ವಿಶ್ಲೇಷಕರಲ್ಲಿ ಒಬ್ಬರು. ತೂಕ, ಅಳತೆ ಮತ್ತು ಬೇರ್ಪಡಿಕೆಗಳಲ್ಲಿ ಅಪಾರ ತಾಳ್ಮೆ ವಹಿಸುವ ಶಿಸ್ತು ಶೆವ್ರಲ್‌ಗೆ ದೊರೆತದ್ದು ಈ ಗುರುವಿನಿಂದ.

ಆರಂಭದ ವೃತ್ತಿಜೀವನ

ಶೆವ್ರಲ್ ಮೊದಲು ಕೈಗೆತ್ತಿಕೊಂಡ ವಿಷಯ ಸಸ್ಯಜನ್ಯ ಬಣ್ಣಗಳು. ನೀಲಿ ಮತ್ತು ಬಣ್ಣದ ಮರಗಳ ಸಾರವನ್ನು ಪರೀಕ್ಷಿಸಿದ ಅವರು ಲಾಗ್‌ವುಡ್ ಮರದಿಂದ ಹೆಮಟಾಕ್ಸಿಲಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡುವ ಅಂಗಾಂಶಗಳಿಗೆ ಬಣ್ಣ ಕೊಡಲು ವೈದ್ಯಕೀಯ ಪ್ರಯೋಗಾಲಯಗಳು ಇಂದಿಗೂ ಇದನ್ನೇ ಬಳಸುತ್ತವೆ. 1810ರಲ್ಲಿ ಅವರು ಪ್ಯಾರಿಸ್ಸಿನ ರಾಷ್ಟ್ರೀಯ ಪ್ರಕೃತಿ ವಿಜ್ಞಾನ ಸಂಗ್ರಹಾಲಯದಲ್ಲಿ ಸಹಾಯಕರಾದರು. 1813ರಲ್ಲಿ ಶಾರ್ಲಮಾನ್ ಶಾಲೆಯಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆಯಿತು. 1818ರಲ್ಲಿ ಅವರ ವಿವಾಹ ನಡೆಯಿತು. 1830ರಲ್ಲಿ, ಗುರು ವೋಕಲಾಂ ಅವರಿಂದ ತೆರವಾಗಿದ್ದ ಸಂಗ್ರಹಾಲಯದ ರಸಾಯನಶಾಸ್ತ್ರ ಪೀಠಕ್ಕೆ ಶಿಷ್ಯನೇ ನೇಮಕಗೊಂಡರು.

ಕೊಬ್ಬುಗಳ ವಿಶ್ಲೇಷಣೆ

ಹಿನ್ನೆಲೆ

ಕೊಬ್ಬನ್ನು ಕ್ಷಾರದೊಡನೆ ಕುದಿಸಿ ಸಾಬೂನು ತಯಾರಿಸುವ ಕಸುಬು ಪ್ರಾಚೀನವಾದುದು. ಆದರೆ ಆ ಕುದಿತದಲ್ಲಿ ನಡೆಯುವುದೇನೆಂಬುದು 19ನೆಯ ಶತಮಾನದ ಆರಂಭದವರೆಗೆ ಸ್ಪಷ್ಟವಾಗಿರಲಿಲ್ಲ. ಕೊಬ್ಬು ಇಡಿಯಾಗಿ ಕ್ಷಾರದೊಡನೆ ಕೂಡಿ ಸಾಬೂನಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆಯಾಗಿತ್ತು. ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಷೀಲೆ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನೊಡನೆ ಕಾಯಿಸಿ ಸಿಹಿರುಚಿಯ ದ್ರವವೊಂದನ್ನು ಪಡೆದಿದ್ದರು. ಆದರೆ ಅದು ಎಣ್ಣೆಯ ರಚನೆಯಲ್ಲಿ ವಹಿಸುವ ಪಾತ್ರ ತಿಳಿದಿರಲಿಲ್ಲ. ಹಂದಿಯ ಕೊಬ್ಬು, ಹಸುವಿನ ಕೊಬ್ಬು, ಬೆಣ್ಣೆ, ಎಣ್ಣೆ ಎಂಬ ವಿಂಗಡಣೆ ಇದ್ದುದು ಮೂಲ, ಗಟ್ಟಿತನ ಮತ್ತು ವಾಸನೆಗಳ ಆಧಾರದ ಮೇಲೆ ಮಾತ್ರ.

ಮುತ್ತಿನ ಹೊಳಪಿನ ಸ್ಫಟಿಕಗಳು

1811ರಲ್ಲಿ ಹಂದಿಯ ಕೊಬ್ಬು ಮತ್ತು ಪೊಟ್ಯಾಶ್‌ನಿಂದ ತಯಾರಿಸಿದ ಮೃದು ಸಾಬೂನಿನ ಮಾದರಿಯೊಂದು ಪರೀಕ್ಷೆಗಾಗಿ ಶೆವ್ರಲ್ ಕೈಗೆ ಬಂದಿತು. ಅದನ್ನು ಹೆಚ್ಚು ನೀರಿನಲ್ಲಿ ಕಲಕಿದಾಗ ಒಂದು ಭಾಗ ಕರಗಿತು. ಉಳಿದ ಭಾಗ ಮುತ್ತಿನಂತೆ ಹೊಳೆಯುವ ಹರಳುಗಳಾಗಿ ತಳದಲ್ಲಿ ನಿಂತಿತು. ಈ ಹರಳುಗಳಿಗೆ ಆಮ್ಲ ಬೆರೆಸಿದಾಗ ಕ್ಷಾರ ಬಿಟ್ಟುಹೋಗಿ, ಆಲ್ಕೋಹಾಲಿನಲ್ಲಿ ಕರಗುವ ಮತ್ತು ಸ್ವತಃ ಆಮ್ಲದ ಗುಣ ತೋರುವ ಕೊಬ್ಬಿನಂಥ ವಸ್ತು ದೊರೆಯಿತು. ಮುತ್ತು ಎಂಬರ್ಥದ ಗ್ರೀಕ್ ಪದದಿಂದ ಅವರು ಅದಕ್ಕೆ ಕೊಟ್ಟ ಹೆಸರು ಮುಂದೆ ಮಾರ್ಗರಿಕ್ ಆಮ್ಲ ಎಂದು ಸ್ಥಿರವಾಯಿತು.

ಈ ಒಂದು ಮಾದರಿಯಿಂದ ಆರಂಭವಾದ ಕೆಲಸ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಮುಂದುವರಿಯಿತು. 1813ರಿಂದ ಶೆವ್ರಲ್ ತಮ್ಮ ಫಲಿತಾಂಶಗಳನ್ನು ಸರಣಿ ಪ್ರಬಂಧಗಳಾಗಿ ಪ್ರಕಟಿಸಿದರು. ಹಂದಿಯ ಕೊಬ್ಬಿನ ಜೊತೆಗೆ ಮನುಷ್ಯ, ಕುರಿ, ದನ, ಜಾಗ್ವಾರ್ ಮತ್ತು ಹೆಬ್ಬಾತುಗಳ ಕೊಬ್ಬುಗಳನ್ನೂ, ಬೆಣ್ಣೆಯನ್ನೂ, ಡಾಲ್ಫಿನ್ ಎಣ್ಣೆಯನ್ನೂ, ತಿಮಿಂಗಿಲದ ತಲೆಯಿಂದ ದೊರೆಯುವ ಮೇಣವನ್ನೂ, ಪಿತ್ತಕೋಶದ ಕಲ್ಲುಗಳನ್ನೂ ಅವರು ಒಂದೇ ಕ್ರಮದಲ್ಲಿ ಪರೀಕ್ಷಿಸಿದರು. 1823ರಲ್ಲಿ ಈ ಎಲ್ಲ ಅಧ್ಯಯನಗಳು ಪ್ರಾಣಿಮೂಲದ ಕೊಬ್ಬುಗಳ ಕುರಿತ ಗ್ರಂಥವಾಗಿ ಹೊರಬಂದವು. ಜೈವಿಕ ವಸ್ತುಗಳ ರಸಾಯನಶಾಸ್ತ್ರದಲ್ಲಿ ಇದು ಮೈಲಿಗಲ್ಲೆನಿಸಿದೆ.

ವಿಧಾನ

ಶೆವ್ರಲ್ ಮೊದಲು ಕೊಬ್ಬನ್ನು ಕ್ಷಾರದೊಡನೆ ಕಾಯಿಸಿ ಸಾಬೂನಾಗಿ ಮಾರ್ಪಡಿಸುತ್ತಿದ್ದರು. ಅನಂತರ ಆಮ್ಲ ಬೆರೆಸಿ ಸಾಬೂನನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡುಗಡೆ ಮಾಡುತ್ತಿದ್ದರು. ನೀರಿನ ಆವಿಯೊಡನೆ ಹಾರಿಹೋಗುವ ಆಮ್ಲಗಳನ್ನು ಬಟ್ಟಿಯಿಳಿಸಿ ಹಿಡಿದು, ಬೇರಿಯಂ ಲವಣಗಳಾಗಿ ಮಾಡಿ, ಆ ಲವಣಗಳು ನೀರಿನಲ್ಲಿ ಕರಗುವ ಪ್ರಮಾಣದಲ್ಲಿನ ವ್ಯತ್ಯಾಸದಿಂದ ಒಂದನ್ನೊಂದರಿಂದ ಬಿಡಿಸುತ್ತಿದ್ದರು. ಉಳಿದ ಆಮ್ಲಗಳನ್ನು ಮತ್ತು ಅವುಗಳ ಲವಣಗಳನ್ನು ಆಲ್ಕೋಹಾಲಿನಲ್ಲಿ ಕರಗಿಸಿ, ತಣಿಸಿ, ಮೊದಲು ಹರಳುಗಟ್ಟಿದ್ದನ್ನು ತೆಗೆದು, ಅದನ್ನೇ ಮತ್ತೆ ಕರಗಿಸಿ ಮತ್ತೆ ಹರಳುಗಟ್ಟಿಸುತ್ತಿದ್ದರು.

ಈ ಆವರ್ತನಕ್ಕೆ ಕೊನೆ ಯಾವಾಗ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರವೇ ಅವರ ಕೆಲಸದ ತಿರುಳು. ಒಂದು ವಸ್ತುವನ್ನು ಎಷ್ಟು ಸಲ ಭಾಗ ಮಾಡಿದರೂ ಎಲ್ಲ ಭಾಗಗಳ ಗುಣಗಳು ಒಂದೇ ಆಗಿ ಉಳಿದರೆ ಮಾತ್ರ ಅದು ಶುದ್ಧ ವಸ್ತು. ಒಂದು ಭಾಗ ಇನ್ನೊಂದಕ್ಕಿಂತ ಭಿನ್ನವಾಗಿ ಕರಗಿದರೆ ಅದು ಮಿಶ್ರಣ. ಈ ಸಮಾನತೆಯನ್ನು ಅಳೆಯಲು ಅವರು ಕರಗುವ ಬಿಂದುವನ್ನು ನಿಯತವಾಗಿ ಬಳಸಿದರು. ಅದರ ಜೊತೆಗೆ ಪ್ರತಿ ಆಮ್ಲವನ್ನು ಸುಟ್ಟು ಅದರಲ್ಲಿರುವ ಇಂಗಾಲ, ಜಲಜನಕ ಮತ್ತು ಆಮ್ಲಜನಕಗಳ ಪ್ರಮಾಣವನ್ನು ಲೆಕ್ಕ ಹಾಕಿದರು. 1824ರಲ್ಲಿ ಜೈವಿಕ ವಸ್ತುಗಳ ವಿಶ್ಲೇಷಣೆಯ ತತ್ತ್ವಗಳ ಕುರಿತು ಪ್ರಕಟಿಸಿದ ಕೃತಿಯಲ್ಲಿ ಈ ಮಾನದಂಡವನ್ನು ವಿವರವಾಗಿ ಪ್ರತಿಪಾದಿಸಿದರು.

ಫಲಿತಾಂಶಗಳು

ಬೆಣ್ಣೆಯಿಂದ ಅವರು ಬ್ಯುಟಿರಿಕ್, ಕ್ಯಾಪ್ರೋಯಿಕ್ ಮತ್ತು ಕ್ಯಾಪ್ರಿಕ್ ಆಮ್ಲಗಳನ್ನು ಬೇರ್ಪಡಿಸಿದರು. ಮೊದಲನೆಯದರ ಹೆಸರು ಬೆಣ್ಣೆ ಎಂಬರ್ಥದ ಪದದಿಂದಲೂ, ಉಳಿದೆರಡರ ಹೆಸರು ಆಡು ಎಂಬರ್ಥದ ಪದದಿಂದಲೂ ಬಂದಿವೆ. ಕೆಟ್ಟ ಬೆಣ್ಣೆಯ ಕಮಟು ವಾಸನೆಗೆ ಬಹುಮಟ್ಟಿಗೆ ಕಾರಣ ಬಿಡುಗಡೆಯಾದ ಬ್ಯುಟಿರಿಕ್ ಆಮ್ಲ. ಗಟ್ಟಿ ಕೊಬ್ಬುಗಳಿಂದ ಸ್ಟಿಯರಿಕ್ ಆಮ್ಲವೂ, ದ್ರವಭಾಗದಿಂದ ಒಲೀಯಿಕ್ ಆಮ್ಲವೂ ದೊರೆತವು. ಡಾಲ್ಫಿನ್ ಎಣ್ಣೆಯಲ್ಲಿ ಕಂಡ ಹಾರುವ ಆಮ್ಲಕ್ಕೆ ಅವರು ಬೇರೆ ಹೆಸರಿಟ್ಟಿದ್ದರು. ಅದು ಐಸೊವ್ಯಾಲೆರಿಕ್ ಆಮ್ಲವೆಂದು ಅನಂತರ ತಿಳಿದುಬಂದಿತು. ತಿಮಿಂಗಿಲದ ಮೇಣದಿಂದ ಸೀಟೈಲ್ ಆಲ್ಕೋಹಾಲ್ ದೊರೆಯಿತು. ಪಿತ್ತಕಲ್ಲುಗಳಲ್ಲಿದ್ದ ಕೊಬ್ಬಿನಂಥ ವಸ್ತು ಕ್ಷಾರದೊಡನೆ ಎಷ್ಟು ಕುದಿಸಿದರೂ ಸಾಬೂನಾಗಲಿಲ್ಲ. ಆದ್ದರಿಂದ ಅದನ್ನು ಕೊಬ್ಬುಗಳಿಂದ ಪ್ರತ್ಯೇಕಿಸಿ ಕೊಲೆಸ್ಟರಿನ್ ಎಂದು ಹೆಸರಿಸಿದರು. ಇದೇ ಇಂದಿನ ಕೊಲೆಸ್ಟರಾಲ್.

ಷೀಲೆ ಕಂಡಿದ್ದ ಸಿಹಿದ್ರವ ಎಲ್ಲ ಸಾಮಾನ್ಯ ಕೊಬ್ಬುಗಳಿಂದಲೂ ಹೊರಬರುತ್ತದೆಂದು ಖಚಿತಪಡಿಸಿಕೊಂಡ ಶೆವ್ರಲ್ ಅದಕ್ಕೆ ಗ್ಲಿಸರಿನ್ ಎಂದು ಹೆಸರಿಟ್ಟರು. ದೊರೆತ ಆಮ್ಲಗಳನ್ನೂ ಗ್ಲಿಸರಿನ್ನನ್ನೂ ಕೂಡಿಸಿ ತೂಗಿದಾಗ ಒಟ್ಟು ತೂಕ ಮೂಲ ಕೊಬ್ಬಿನ ತೂಕಕ್ಕಿಂತ ಹೆಚ್ಚಾಗಿತ್ತು. ಇದು ತೂಕದ ದೋಷವಲ್ಲ, ಕೊಬ್ಬು ಒಡೆಯುವಾಗ ನೀರನ್ನು ಸೇರಿಸಿಕೊಳ್ಳುತ್ತದೆ ಎಂಬುದರ ಸೂಚನೆ. ಹೀಗೆ ಸಾಬೂನೀಕರಣವೆಂದರೆ ಕೊಬ್ಬು ಮತ್ತು ಕ್ಷಾರಗಳ ನೇರ ಕೂಡಿಕೆಯಲ್ಲವೆಂದೂ, ಕೊಬ್ಬು ಒಡೆದು ಆಮ್ಲಭಾಗ ಮಾತ್ರ ಕ್ಷಾರದೊಡನೆ ಸೇರುತ್ತದೆಂದೂ ಸ್ಥಾಪಿತವಾಯಿತು. 1854ರಲ್ಲಿ ಮಾರ್ಸೆಲಾಂ ಬರ್ತೆಲೊ ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲಗಳನ್ನು ಮರಳಿ ಕೂಡಿಸಿ ಕೊಬ್ಬನ್ನು ಕೃತಕವಾಗಿ ತಯಾರಿಸಿದಾಗ ಈ ವಿವರಣೆ ಪೂರ್ಣಗೊಂಡಿತು.

ಮಾರ್ಗರಿಕ್ ಆಮ್ಲದ ಪ್ರಶ್ನೆ

ಶೆವ್ರಲ್‌ಗೆ ಮೊದಲು ದಾರಿ ತೋರಿದ ಮಾರ್ಗರಿಕ್ ಆಮ್ಲವೇ ಅವರ ಪಟ್ಟಿಯಲ್ಲಿ ನಿಲ್ಲದೆ ಹೋಯಿತು. 1840ರ ವೇಳೆಗೆ ತಾಳೆ ಎಣ್ಣೆಯಿಂದ ಪಾಲ್ಮಿಟಿಕ್ ಆಮ್ಲ ಗುರುತಿಸಲ್ಪಟ್ಟಿತು. 1850ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಹೈಂಟ್ಸ್ ಕೊಬ್ಬಿನಾಮ್ಲಗಳನ್ನು ಮೆಗ್ನೀಸಿಯಂ ಲವಣಗಳಾಗಿ ಹಂತಹಂತವಾಗಿ ಇಳಿಸಿ ಪರೀಕ್ಷಿಸಿದಾಗ ಮಾರ್ಗರಿಕ್ ಆಮ್ಲ ಎರಡಾಗಿ ಒಡೆಯಿತು. ಅದು ಪಾಲ್ಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲಗಳ ಮಿಶ್ರಣವಾಗಿತ್ತು.

ಶುದ್ಧ ಪಾಲ್ಮಿಟಿಕ್ ಆಮ್ಲ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸ್ಟಿಯರಿಕ್ ಆಮ್ಲ ಸುಮಾರು 69 ಡಿಗ್ರಿಯಲ್ಲಿ ಕರಗುತ್ತವೆ. ಕೆಲವು ಪ್ರಮಾಣಗಳಲ್ಲಿ ಬೆರೆತಾಗ ಇವೆರಡೂ ಒಟ್ಟಿಗೆ ಹರಳುಗಟ್ಟಿ, ಪ್ರತಿಯೊಂದಕ್ಕಿಂತಲೂ ಕಡಿಮೆ ಉಷ್ಣತೆಯಲ್ಲಿ ಕರಗಿ, ಬೇರೆಯೇ ಆದ ಒಂದು ವಸ್ತುವಿನಂತೆ ತೋರುತ್ತವೆ. ಆಲ್ಕೋಹಾಲಿನಿಂದ ಹರಳುಗಟ್ಟಿಸುವ ವಿಧಾನಕ್ಕೆ ಈ ಜೋಡಿಯನ್ನು ಬಿಡಿಸುವ ಶಕ್ತಿ ಸಾಲದಾಗಿತ್ತು. ಒಲೀಯಿಕ್ ಆಮ್ಲವೆಂದು ಆಗ ಪಡೆದ ದ್ರವದಲ್ಲಿಯೂ ಲಿನೋಲಿಯಿಕ್ ಆಮ್ಲದಂಥ ಇತರ ಅಸಂತೃಪ್ತ ಆಮ್ಲಗಳು ಬೆರೆತಿರುವ ಸಾಧ್ಯತೆಯಿತ್ತು. ಕ್ಯಾಪ್ರೋಯಿಕ್ ಮತ್ತು ಕ್ಯಾಪ್ರಿಕ್ ಆಮ್ಲಗಳ ನಡುವೆ ಬರುವ ಕ್ಯಾಪ್ರಿಲಿಕ್ ಆಮ್ಲವೂ ಮುಂದಿನ ಸಂಶೋಧಕರಿಗೆ ಉಳಿಯಿತು.

ಹೈಂಟ್ಸ್ ಬಳಸಿದ ತರ್ಕ ಮಾತ್ರ ಶೆವ್ರಲ್ ರೂಪಿಸಿದ್ದೇ ಆಗಿತ್ತು. ಹೆಚ್ಚು ಸಮರ್ಥವಾದ ವಿಧಾನದಿಂದ ಭಾಗ ಮಾಡಿದಾಗ ಗುಣಗಳು ಭಿನ್ನವಾದವು, ಆದ್ದರಿಂದ ವಸ್ತು ಶುದ್ಧವಲ್ಲ. ಮಾರ್ಗರಿಕ್ ಆಮ್ಲವನ್ನು ಪಟ್ಟಿಯಿಂದ ತೆಗೆದುಹಾಕಿದ್ದು 1824ರ ಮಾನದಂಡವೇ. ವಸ್ತು ಬಿದ್ದುಹೋದರೂ ಹೆಸರು ಉಳಿಯಿತು. 1869ರಲ್ಲಿ ಇಪೊಲಿತ್ ಮೇಜ್ ಮೂರಿಯೆ ದನದ ಕೊಬ್ಬಿನಿಂದ ತಯಾರಿಸಿದ ಬೆಣ್ಣೆಯ ಬದಲಿಗೆ ಮಾರ್ಗರಿನ್ ಎಂಬ ಹೆಸರು ಬಂದದ್ದು ಇದರಿಂದಲೇ. ರಸಾಯನಶಾಸ್ತ್ರದಲ್ಲಿ ಮಾರ್ಗರಿಕ್ ಆಮ್ಲ ಎಂಬುದು 17 ಇಂಗಾಲದ ಪರಮಾಣುಗಳುಳ್ಳ, 16ರ ಪಾಲ್ಮಿಟಿಕ್ ಮತ್ತು 18ರ ಸ್ಟಿಯರಿಕ್ ಆಮ್ಲಗಳ ನಡುವಿನ ಆಮ್ಲದ ಹೆಸರಾಯಿತು.

ಮೇಣದಬತ್ತಿ

ಆ ಕಾಲದ ಬಡವರ ಮನೆಯ ಬೆಳಕು ಪ್ರಾಣಿಕೊಬ್ಬಿನ ಬತ್ತಿ. ಅದು ಬೇಗ ಮೆತ್ತಗಾಗುತ್ತಿತ್ತು, ಹೊಗೆಯುಗುಳುತ್ತಿತ್ತು, ಉರಿದಾಗ ಕಟು ವಾಸನೆ ಬೀರುತ್ತಿತ್ತು. ಜೇನುಮೇಣದ ಬತ್ತಿಗಳು ದುಬಾರಿಯಾಗಿದ್ದವು. ಕೊಬ್ಬಿನಿಂದ ಗ್ಲಿಸರಿನ್ನನ್ನೂ ದ್ರವರೂಪದ ಒಲೀಯಿಕ್ ಆಮ್ಲವನ್ನೂ ತೆಗೆದುಬಿಟ್ಟರೆ ಉಳಿಯುವ ಗಟ್ಟಿ ಆಮ್ಲಗಳು ಸ್ವಚ್ಛವಾಗಿ ಉರಿಯುತ್ತವೆ. ಈ ತಿಳಿವಳಿಕೆಯ ಆಧಾರದ ಮೇಲೆ ಶೆವ್ರಲ್ ಮತ್ತು ಜೋಸೆಫ್ ಲೂಯಿ ಗೇ ಲ್ಯುಸಾಕ್ 1825ರಲ್ಲಿ ಹಕ್ಕುಸ್ವಾಮ್ಯ ಪಡೆದರು. ಅವರ ಉದ್ಯಮ ಯಶಸ್ವಿಯಾಗಲಿಲ್ಲ. ಹೆಣೆದ ಬತ್ತಿ ಬಳಕೆಗೆ ಬಂದು, 1830ರ ದಶಕದಲ್ಲಿ ಅಡಾಲ್ಫ್ ದ ಮಿಯಿ ಸುಣ್ಣದಿಂದ ಕೊಬ್ಬನ್ನು ಒಡೆಯುವ ಅಗ್ಗದ ಕ್ರಮವನ್ನು ರೂಢಿಸಿದ ಮೇಲೆ ಸ್ಟಿಯರಿನ್ ಮೇಣದಬತ್ತಿಗಳು ಯುರೋಪಿನಾದ್ಯಂತ ಹರಡಿದವು. ಕೊಬ್ಬುಗಳ ಕುರಿತ ಸಂಶೋಧನೆ ಉದ್ಯಮಕ್ಕೆ ನೀಡಿದ ಲಾಭವನ್ನು ಮನ್ನಿಸಿ ರಾಷ್ಟ್ರೀಯ ಉದ್ಯಮ ಪ್ರೋತ್ಸಾಹಕ ಸಂಘವು 1852ರಲ್ಲಿ ಅವರಿಗೆ 12,000 ಫ್ರಾಂಕ್‌ಗಳ ಬಹುಮಾನ ನೀಡಿತು.

ಇತರ ಸಂಶೋಧನೆಗಳು

1815ರಲ್ಲಿ ಶೆವ್ರಲ್ ಮಧುಮೇಹಿಗಳ ಮೂತ್ರದಲ್ಲಿರುವ ಸಕ್ಕರೆಯೂ ದ್ರಾಕ್ಷಿಯ ಸಕ್ಕರೆಯೂ ಒಂದೇ ಎಂದು ತೋರಿಸಿದರು. 1832ರಲ್ಲಿ ಮಾಂಸದ ಸಾರದಿಂದ ಕ್ರಿಯಾಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು.

1824ರಲ್ಲಿ ಪ್ಯಾರಿಸ್ಸಿನ ಗೊಬ್ಲಾಂ ರಾಜಮನೆತನದ ಚಿತ್ರವಸ್ತ್ರ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗಕ್ಕೆ ಅವರು ನಿರ್ದೇಶಕರಾದರು. ಅಲ್ಲಿನ ಕಪ್ಪು ಬಣ್ಣ ಕಳೆಗುಂದಿ ಕಾಣುತ್ತದೆಂಬ ದೂರನ್ನು ಪರಿಶೀಲಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೀಲಿ ಮತ್ತು ನೇರಳೆ ಎಳೆಗಳ ಕಾರಣದಿಂದ ಕಣ್ಣಿಗೆ ಕಪ್ಪು ಹಾಗೆ ತೋರುತ್ತಿತ್ತು. ಈ ಅನುಭವದಿಂದ ಬೆಳೆದ ಅಧ್ಯಯನ 1839ರಲ್ಲಿ ಬಣ್ಣಗಳ ಏಕಕಾಲಿಕ ವೈದೃಶ್ಯದ ನಿಯಮವೆಂಬ ಗ್ರಂಥವಾಯಿತು. 72 ವರ್ಣಗಳ ಚಕ್ರವೊಂದನ್ನೂ ಅವರು ರೂಪಿಸಿದರು. ಜಾರ್ಜ್ ಸ್ಯೂರಾ ಮತ್ತು ಪೋಲ್ ಸಿನ್ಯಾಕ್ ಮೊದಲಾದ ಚಿತ್ರಕಾರರು ಈ ವಿಚಾರಗಳನ್ನು ತಮ್ಮ ಕಲೆಯಲ್ಲಿ ಬಳಸಿಕೊಂಡರು.

ದಾರಕ್ಕೆ ಕಟ್ಟಿ ಕೈಯಲ್ಲಿ ಹಿಡಿದ ಲೋಲಕ ಕೆಲವು ವಸ್ತುಗಳ ಮೇಲೆ ತಾನಾಗಿಯೇ ತೂಗುತ್ತದೆಂಬ ನಂಬಿಕೆಯನ್ನೂ ಅವರು ಪರೀಕ್ಷೆಗೆ ಒಡ್ಡಿದರು. ತಮ್ಮ ಕೈಯಲ್ಲಿಯೇ ಲೋಲಕ ತೂಗಿದ್ದನ್ನು ಕಂಡ ಅವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪ್ರಯೋಗವನ್ನು ಮತ್ತೆ ಮಾಡಿದರು. ಆಗ ಲೋಲಕ ಸ್ಪಂದಿಸಲಿಲ್ಲ. ನೋಡುವವರ ನಿರೀಕ್ಷೆಯೇ ಅರಿವಿಲ್ಲದೆ ಕೈಯನ್ನು ಅಲುಗಿಸುತ್ತದೆಂದು 1833ರಲ್ಲಿ ಆಂಪೇರ್ ಅವರಿಗೆ ಬರೆದ ಪತ್ರದಲ್ಲಿ ವಿವರಿಸಿದರು. 1854ರಲ್ಲಿ ಇದೇ ವಿಷಯವಾಗಿ ಒಂದು ಪುಸ್ತಕವನ್ನೂ ಪ್ರಕಟಿಸಿದರು.

ಗೌರವಗಳು

1826ರಲ್ಲಿ ಶೆವ್ರಲ್ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ಅವರಿಗೆ ದೊರೆತದ್ದು ಆಂಜೆಯವರೇ ಆದ ಜೋಸೆಫ್ ಪ್ರೂಸ್ಟ್ ನಿಧನದಿಂದ ತೆರವಾದ ಸ್ಥಾನ. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ವಿದೇಶೀ ಸದಸ್ಯರನ್ನಾಗಿ ಆರಿಸಿತು. 1857ರಲ್ಲಿ ಅದೇ ಸಂಸ್ಥೆಯ ಕಾಪ್ಲಿ ಪದಕ, 1873ರಲ್ಲಿ ಬ್ರಿಟನ್ನಿನ ಆಲ್ಬರ್ಟ್ ಪದಕ ಸಂದವು. ಐಫೆಲ್ ಗೋಪುರದ ಮೇಲೆ ಕೆತ್ತಲಾದ 72 ಹೆಸರುಗಳಲ್ಲಿ ಇವರದೂ ಒಂದು.

ಕೊನೆಯ ವರ್ಷಗಳು

1860ರ ದಶಕದಿಂದ 1879ರವರೆಗೆ ಅವರು ಪ್ರಕೃತಿ ವಿಜ್ಞಾನ ಸಂಗ್ರಹಾಲಯದ ನಿರ್ದೇಶಕರಾಗಿದ್ದರು. 1862ರಲ್ಲಿ ಪತ್ನಿ ತೀರಿಕೊಂಡರು. 1870–71ರಲ್ಲಿ ಪ್ರಷ್ಯದ ಸೇನೆ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದಾಗ, 84ರ ಹರೆಯದ ಶೆವ್ರಲ್ ನಗರ ಬಿಟ್ಟು ಹೋಗಲಿಲ್ಲ. ಸಂಗ್ರಹಾಲಯದ ಮೇಲೆ ಫಿರಂಗಿ ಗುಂಡುಗಳು ಬಿದ್ದು ಸಸ್ಯಗೃಹಗಳು ನಾಶವಾದಾಗ ಅದರ ವಿರುದ್ಧ ತಮ್ಮ ಪ್ರತಿಭಟನೆಯನ್ನು ಅಕಾಡೆಮಿಯಲ್ಲಿ ದಾಖಲಿಸಿದರು. ಇಳಿವಯಸ್ಸಿನಲ್ಲಿಯೂ ತಮ್ಮನ್ನು ಫ್ರಾನ್ಸಿನ ವಿದ್ಯಾರ್ಥಿಗಳಲ್ಲಿ ಹಿರಿಯ ಎಂದು ಕರೆದುಕೊಳ್ಳುತ್ತಿದ್ದರು.

1886ರಲ್ಲಿ ಅವರ ನೂರನೆಯ ಹುಟ್ಟುಹಬ್ಬವನ್ನು ರಾಷ್ಟ್ರೀಯ ಉತ್ಸವವಾಗಿ ಆಚರಿಸಲಾಯಿತು. ಆ ಸಂದರ್ಭದಲ್ಲಿ ನಾದಾರ್ ಅವರು ಶೆವ್ರಲ್ ಜೊತೆ ನಡೆಸಿದ ಸಂಭಾಷಣೆಯನ್ನು ನಾದಾರ್ ಪುತ್ರ ಪೋಲ್ ಛಾಯಾಚಿತ್ರಗಳಲ್ಲಿ ಸೆರೆಹಿಡಿದರು. ಪತ್ರಿಕೋದ್ಯಮದ ಇತಿಹಾಸದಲ್ಲಿ ಇದನ್ನು ಮೊದಲ ಸಚಿತ್ರ ಸಂದರ್ಶನವೆಂದು ಗುರುತಿಸುತ್ತಾರೆ. ಮಗನ ಸಾವಿನ ಸ್ವಲ್ಪ ಕಾಲದ ಅನಂತರ, 9 ಏಪ್ರಿಲ್ 1889ರಂದು ಶೆವ್ರಲ್ ಪ್ಯಾರಿಸ್ಸಿನಲ್ಲಿ ನಿಧನರಾದರು. ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು.

ಪರಂಪರೆ

ಒಂದು ಕೊಬ್ಬಿನಲ್ಲಿ ಯಾವ ಯಾವ ಕೊಬ್ಬಿನಾಮ್ಲಗಳು ಎಷ್ಟೆಷ್ಟು ಇವೆ ಎಂದು ತಿಳಿಯುವುದು ಇಂದು ಆಹಾರ, ವೈದ್ಯಕೀಯ ಮತ್ತು ಸೂಕ್ಷ್ಮಜೀವಿ ಪ್ರಯೋಗಾಲಯಗಳ ನಿತ್ಯದ ಕೆಲಸ. 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ಕೊಬ್ಬಿಲ್ಲದ ಆಹಾರ ಕೊಟ್ಟ ಇಲಿಗಳು ರೋಗಗ್ರಸ್ತವಾಗುವುದನ್ನು ತೋರಿಸಿದ ಬಳಿಕ, ಲಿನೋಲಿಯಿಕ್ ಆಮ್ಲದಂಥ ಕೆಲವು ಆಮ್ಲಗಳು ದೇಹಕ್ಕೆ ಆಹಾರದಿಂದಲೇ ದೊರೆಯಬೇಕೆಂಬುದು ಸ್ಪಷ್ಟವಾಯಿತು. ನೋಟಕ್ಕೆ ಒಂದೇ ತೆರನಾದ ಎರಡು ಎಣ್ಣೆಗಳು ಪೋಷಣೆಯಲ್ಲಿ ಒಂದೇ ಅಲ್ಲ ಎಂಬ ಅರಿವು ಅಲ್ಲಿಂದ ಬೆಳೆಯಿತು.

1952ರಲ್ಲಿ ಬ್ರಿಟನ್ನಿನ ಆಂಥೊನಿ ಜೇಮ್ಸ್ ಮತ್ತು ಆರ್ಚರ್ ಮಾರ್ಟಿನ್ ಹಾರುವ ಕೊಬ್ಬಿನಾಮ್ಲಗಳನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿಯಿಂದ ಬೇರ್ಪಡಿಸಿದರು. ಈಗ ಕೊಬ್ಬಿನಾಮ್ಲಗಳನ್ನು ಸುಲಭವಾಗಿ ಆವಿಯಾಗುವ ಮೀಥೈಲ್ ಎಸ್ಟರ್‌ಗಳಾಗಿ ಮಾರ್ಪಡಿಸಿ, ಕೂದಲೆಳೆಯಂಥ ನಾಳದ ಮೂಲಕ ಅನಿಲಪ್ರವಾಹದಲ್ಲಿ ಹಾಯಿಸುತ್ತಾರೆ. ಪ್ರತಿ ಆಮ್ಲವೂ ತನ್ನದೇ ಸಮಯಕ್ಕೆ ಹೊರಬಂದು ನಕ್ಷೆಯಲ್ಲಿ ಶಿಖರವಾಗಿ ಮೂಡುತ್ತದೆ. ಶೆವ್ರಲ್ ವಾರಗಟ್ಟಲೆ ಹರಳುಗಟ್ಟಿಸಿ ಪಡೆಯುತ್ತಿದ್ದ ವಿಂಗಡಣೆ ಇದರಿಂದ ಒಂದು ಗಂಟೆಯೊಳಗೆ ದೊರೆಯುತ್ತದೆ. ಬ್ಯಾಕ್ಟೀರಿಯಾಗಳ ಪ್ರಭೇದಗಳನ್ನು ಗುರುತಿಸಲು ಅವುಗಳ ಪೊರೆಯ ಕೊಬ್ಬಿನಾಮ್ಲಗಳ ವಿನ್ಯಾಸವನ್ನೂ ಬಳಸುತ್ತಾರೆ.

17 ಇಂಗಾಲದ ಮಾರ್ಗರಿಕ್ ಆಮ್ಲ ನಿಸರ್ಗದ ಕೊಬ್ಬುಗಳಲ್ಲಿ ಇಲ್ಲವೆಂದೇ ಬಹುಕಾಲ ತಿಳಿಯಲಾಗಿತ್ತು. 20ನೆಯ ಶತಮಾನದ ಮಧ್ಯಭಾಗದಲ್ಲಿ ಅದು ದನ ಮತ್ತು ಕುರಿಗಳಂಥ ಮೆಲುಕು ಹಾಕುವ ಪ್ರಾಣಿಗಳ ಕೊಬ್ಬಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಕಂಡುಬಂದಿತು. ಅಲ್ಲಿ ಅದರ ಇರವಿಗೆ ಬಹುಮಟ್ಟಿಗೆ ಕಾರಣ ಆ ಪ್ರಾಣಿಗಳ ಹೊಟ್ಟೆಯ ಮೊದಲ ಕೋಶದಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು. ಸಸ್ಯಜನ್ಯ ಎಣ್ಣೆಗಳಲ್ಲಿ ಅದು ಗಣನೆಗೆ ಬಾರದಷ್ಟು ಕಡಿಮೆ. ಆದ್ದರಿಂದಲೇ ಅಂಥ ಎಣ್ಣೆಗಳನ್ನು ವಿಶ್ಲೇಷಿಸುವಾಗ ತೂಕ ಗೊತ್ತಿರುವ ಮಾರ್ಗರಿಕ್ ಆಮ್ಲವನ್ನು ಮಾದರಿಗೆ ಬೆರೆಸಿ, ಅದರ ಶಿಖರಕ್ಕೆ ಹೋಲಿಸಿ ಉಳಿದ ಆಮ್ಲಗಳ ಪ್ರಮಾಣವನ್ನು ಲೆಕ್ಕ ಹಾಕುವ ಕ್ರಮ ರೂಢಿಯಲ್ಲಿದೆ. ಹಾಲಿನ ಕೊಬ್ಬಿನ ವಿಶ್ಲೇಷಣೆಯಲ್ಲಿ ಅದು ಸಹಜವಾಗಿಯೇ ಇರುವುದರಿಂದ ಈ ಕ್ರಮ ತಪ್ಪು ಲೆಕ್ಕಕ್ಕೆ ಎಡೆಮಾಡುತ್ತದೆ. ಶೆವ್ರಲ್ ಒಂದು ಮಿಶ್ರಣಕ್ಕೆ ಇಟ್ಟ ಹೆಸರು ಹೀಗೆ ಇಂದಿನ ವಿಶ್ಲೇಷಣೆಯಲ್ಲಿ ಅಳತೆಗೋಲಿನ ಹೆಸರಾಗಿ ಬಳಕೆಯಲ್ಲಿದೆ.